ಬ್ರಹ್ಮಗಿರಿಯ ಬಂಡೆಯೂ ಓದಿನ ಆರಂಭವೂ

ಅಮೃತಮಹಲ್ ದನಗಳ ಹುಲ್ಲುಗಾವಲಾಗಿದ್ದ ಉಳ್ಳಾರ್ತಿ ಕಾವಲಿನ ಭಾಗವೊಂದು ಈಗ ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಸೇರಿದೆ. ಆ ಸೀಮೆಯ ವಿದ್ಯಾರ್ಥಿ ಚರಿತ್ರೆಯ ಗಂಭೀರ ಓದನ್ನು ಎಲ್ಲಿಂದ ಆರಂಭಿಸಬೇಕು? ದೂರದ ಸಾಮ್ರಾಜ್ಯಗಳ ದಪ್ಪ ಗ್ರಂಥಗಳಿಗಿಂತ ನೆರೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯೇ ಲೇಸು.

ಅಲ್ಲಿನ ಅಶೋಕಶಾಸನವನ್ನು ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಇಸಿಲದ ಮಹಾಮಾತ್ರರಿಗೆ ಸುವರ್ಣಗಿರಿಯಿಂದ ಬಂದ ಈ ಪ್ರಾಕೃತ ಆಜ್ಞೆಯಲ್ಲಿ ದಿಗ್ವಿಜಯದ ವರ್ಣನೆಯಿಲ್ಲ. ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮಿಗಿಲಾಯಿತು, ಆದರೆ ಒಂದು ವರ್ಷ ತಾನು ಸರಿಯಾಗಿ ಶ್ರಮಿಸಲಿಲ್ಲವೆಂದು ಚಕ್ರವರ್ತಿಯೇ ಒಪ್ಪಿಕೊಳ್ಳುತ್ತಾನೆ. ಸಂಘದ ಸನಿಹಕ್ಕೆ ಹೋದ ಮೇಲೆ ಶ್ರಮ ಹೆಚ್ಚಿತೆನ್ನುತ್ತಾನೆ. ಮನಸ್ಸು ಮಾಗುವ ಬಗೆಯನ್ನು ಅರಿಯಬಯಸುವವನಿಗೂ ಇದು ಒಳ್ಳೆಯ ಪಾಠ. ಕೊನೆಯಲ್ಲಿ ಚಪಡನೆಂಬವನು ತಾನು ಲಿಪಿಕಾರನೆಂಬುದನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಎಷ್ಟು ದೂರದಿಂದ ಬಂದವನೋ!

ಬಂಡೆಯ ಬಳಿಕ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೆಯ ಸಂಪುಟ, ಆಮೇಲೆ 1947ರಲ್ಲಿ ಅಲ್ಲಿಯೇ ಉತ್ಖನನ ನಡೆಸಿದ ಮಾರ್ಟಿಮರ್ ವ್ಹೀಲರರ ವರದಿ. ಮನಶ್ಶಾಸ್ತ್ರದತ್ತ ಹೊರಳುವವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಡಾ. ಎಂ. ಶಿವರಾಂ ಅವರ ‘ಮನಮಂಥನ’ ಕನ್ನಡದಲ್ಲೇ ಇದೆ. ರೈಸ್ ಸಂಪುಟವನ್ನು ತೆರೆದಾಗ ಶಾಸನಪಾಠವನ್ನು ಮೊದಲು ನೋಡಬೇಕು, ಪೀಠಿಕೆ ಆಮೇಲೆ.