ಮೇಲೆ ಬರುವಾಗ ಹಿಡಿಯುವ ಕಾಯಿಲೆ

ಎರಡು ವರ್ಷದ ಹಿಂದೆ ನಮ್ಮ ಟೀಮಿನವರೆಲ್ಲ ಸೇರಿ ಮುರುಡೇಶ್ವರಕ್ಕೆ ಹೋಗಿದ್ವಿ. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಕರ್ಕೊಂಡು ಹೋಗಿ ಸ್ಕೂಬಾ ಡೈವಿಂಗ್ ಮಾಡಿಸ್ತಾರೆ. ನೀರಿಗಿಳಿಯೋ ಮುಂಚೆ ಇನ್‌ಸ್ಟ್ರಕ್ಟರ್ ಹುಡುಗ ಕೇಳಿದ: "ಇವತ್ತು ರಾತ್ರಿ ವಿಮಾನ ಹತ್ತೋರು ಯಾರಾದ್ರೂ ಇದ್ದೀರಾ?"

ಗೆಳೆಯನೊಬ್ಬ ಕೈ ಎತ್ತಿದ. ಮಂಗಳೂರಿಂದ ಮುಂಬೈಗೆ ಟಿಕೆಟ್ ಮಾಡಿಸಿದ್ದ. "ಹಂಗಾದ್ರೆ ನೀವು ದೋಣೀಲೇ ಕೂತಿರಿ ಸಾರ್. ಒಂದು ಸಲ ಮುಳುಗಿದ್ರೂ ಹನ್ನೆರಡು ಗಂಟೆ ಬಿಟ್ಟೇ ವಿಮಾನ ಹತ್ತಬೇಕು." ಇವನು ಬಿಡಬೇಕಲ್ಲ! ಹತ್ತು ಮೀಟರ್ ನೀರಿಗೂ ವಿಮಾನಕ್ಕೂ ಏನು ಸಂಬಂಧ ಅಂತ ವಾದ ಮಾಡಿದ. ಹುಡುಗ ಜಗ್ಗಲಿಲ್ಲ. ಗೆಳೆಯ ಮುಖ ಊದಿಸಿಕೊಂಡು ದೋಣಿಯಲ್ಲೇ ಕೂತ.

ಊರಿಗೆ ಬಂದ ಮೇಲೆ ಆ ಹನ್ನೆರಡು ಗಂಟೆಯ ಹಿಂದೆ ಬಿದ್ದೆ. ಓದ್ತಾ ಓದ್ತಾ ನೂರೈವತ್ತು ವರ್ಷ ಹಿಂದಕ್ಕೆ, ಸಮುದ್ರದಿಂದ ನ್ಯೂಯಾರ್ಕಿನ ಒಂದು ಸೇತುವೆಯ ಬುಡಕ್ಕೆ ಹೋಗಿ ನಿಂತೆ.

ಮೊದಲು ಕಾಯಿಲೆ ಏನು ಅಂತ ಹೇಳಿಬಿಡ್ತೀನಿ. ಗೋಲಿ ಸೋಡಾ ನೋಡಿದ್ದೀರಲ್ಲ? ಗೋಲಿ ಮುಚ್ಚಿಕೊಂಡಿರೋವರೆಗೂ ಒಳಗೆ ಬರೀ ನೀರು. ಗೋಲಿ ಒತ್ತಿದ ತಕ್ಷಣ ಒಳಗಿನ ಒತ್ತಡ ಇಳಿದು, ನೀರಲ್ಲಿ ಕರಗಿದ್ದ ಗಾಳಿ ಗುಳ್ಳೆಯಾಗಿ ನುಗ್ಗುತ್ತೆ. ನಮ್ಮ ಮೈಯೂ ಹಾಗೇ. ಆಳದಲ್ಲಿ ಒತ್ತಡದ ಗಾಳಿ ಉಸಿರಾಡಿದಾಗ ಅದರಲ್ಲಿನ ಸಾರಜನಕ, ಅಂದರೆ ನೈಟ್ರೋಜನ್, ರಕ್ತ ಮಾಂಸಗಳಲ್ಲಿ ಕರಗುತ್ತೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನ ಜೊತೆ ಹೊರಗೆ ಹೋಗುತ್ತೆ. ಸರಕ್ಕನೆ ಬಂದರೆ ಒಳಗೇ ಗುಳ್ಳೆ ಏಳುತ್ತೆ. ಕೀಲಿನ ಹತ್ತಿರ ಎದ್ದರೆ ಪ್ರಾಣ ಹೋಗೋ ನೋವು. ಬೆನ್ನುಹುರಿಯಲ್ಲಿ ಎದ್ದರೆ ಲಕ್ವ. ವಿಮಾನದೊಳಗೆ ಗಾಳಿಯ ಒತ್ತಡ ನೆಲದ ಮೇಲಿಗಿಂತ ಕಡಿಮೆ ಇರುತ್ತೆ. ಹಾಗಾಗಿ ಮೈಯಲ್ಲಿ ಉಳಿದಿರೋ ಸಾರಜನಕಕ್ಕೆ ವಿಮಾನ ಹತ್ತೋದು ಅಂದರೆ ಇನ್ನೊಂದು ಸಲ ಗೋಲಿ ಒತ್ತಿದ ಹಾಗೆ.

ನಮ್ಮ ದೊಡ್ಡಪ್ಪ, ಬಾವಿಗೆ ಬಿದ್ದ ಬಿಂದಿಗೆ ಪಾತಾಳಗರಡಿಗೂ ಸಿಗದಿದ್ದರೆ, ತಾವೇ ಮುಳುಗಿ ತರೋರು. ಅವರಿಗೆಂದೂ ಹೀಗಾಗಲಿಲ್ಲ. ಮೇಲೆ ಎಳೆದುಕೊಂಡ ಒಂದೇ ಉಸಿರಲ್ಲಿ ಮುಳುಗಿ ಏಳೋರ ಮೈಗೆ ಅಷ್ಟು ಸಾರಜನಕ ಸೇರೋದಿಲ್ಲ. ಆಳದಲ್ಲೇ ಒತ್ತಡದ ಗಾಳಿ ಉಸಿರಾಡೋರಿಗೇ ಹೆಚ್ಚಾಗಿ ಈ ಕಾಯಿಲೆ. ಅಂದರೆ ಇದು ಪಂಪು, ಯಂತ್ರಗಳು ಬಂದ ಮೇಲೆ ಬಂದ ಕಾಯಿಲೆ.

1841ರಲ್ಲಿ ಫ್ರಾನ್ಸಿನ ಟ್ರಿಜೆ ಅನ್ನೋ ಎಂಜಿನಿಯರ್ ಲ್ವಾರ್ ನದಿ ಹತ್ತಿರ ಕಲ್ಲಿದ್ದಲು ಗಣಿಗೆ ನೀರು ನುಗ್ಗದಿರಲಿ ಅಂತ ಒಳಗೆ ಒತ್ತಡದ ಗಾಳಿ ತುಂಬಿಸಿದ. ಕೆಲಸ ಮುಗಿಸಿ ಹೊರಬಂದ ಕೆಲವರಿಗೆ ಕೀಲುನೋವು ಶುರುವಾಯ್ತು. 1854ರಲ್ಲಿ ಪೋಲ್ ಮತ್ತು ವಾತೆಲ್ ಅನ್ನೋ ಇಬ್ಬರು, ಒಳಗಿರುವಾಗ ಏನೂ ಆಗೋದಿಲ್ಲ, ಹೊರಗೆ ಬರುವಾಗಲೇ ಅಪಾಯ ಅಂತ ಬರೆದರು. ಮತ್ತೆ ಒತ್ತಡದೊಳಗೆ ಹೋದರೆ ನೋವು ಕಡಿಮೆಯಾಗುತ್ತೆ ಅನ್ನೋದನ್ನೂ ಗಮನಿಸಿದರು. ರೋಗದ ಗುಟ್ಟು, ಮದ್ದು ಎರಡೂ ಆಗಲೇ ಕೈಗೆ ಸಿಕ್ಕಿದ್ದವು. ಆದರೆ ಕಾರಣ ಗೊತ್ತಿರಲಿಲ್ಲ.

ಇನ್ನು ಬ್ರೂಕ್ಲಿನ್ ಸೇತುವೆ. ಅದನ್ನು ಯೋಜಿಸಿದ ಜಾನ್ ರೋಬ್ಲಿಂಗ್ 1869ರಲ್ಲಿ ಕಾಲಿಗೆ ಪೆಟ್ಟು ಬಿದ್ದು ಧನುರ್ವಾಯುವಿನಿಂದ ತೀರಿಕೊಂಡ. ಕೆಲಸ ಮಗ ವಾಷಿಂಗ್ಟನ್ ರೋಬ್ಲಿಂಗ್ ಹೆಗಲಿಗೆ ಬಿತ್ತು. ಅವನಿಗಾಗ ವಯಸ್ಸು ಬರೀ 32. ನದಿಯೊಳಗೆ ಗೋಪುರದ ಅಡಿಪಾಯ ಹಾಕೋಕೆ ಕೇಸನ್ ಅನ್ನೋ ದೈತ್ಯ ಮರದ ಪೆಟ್ಟಿಗೆ ಬಳಸಿದರು. ಚೊಂಬನ್ನು ಬೋರಲು ಹಾಕಿ ನೀರಿಗೆ ಒತ್ತಿದರೆ ಒಳಗೆ ಗಾಳಿ ಉಳಿಯುತ್ತಲ್ಲ, ಹಾಗೆ. ಒಳಗೆ ಪಂಪಿನಿಂದ ಗಾಳಿ ತುಂಬಿಸೋದು, ಕೂಲಿಯವರು ತಳದ ಮಣ್ಣು ಅಗೆಯೋದು, ಪೆಟ್ಟಿಗೆ ಇಳೀತಾ ಹೋಗೋದು. ಒಳಗೆ ಧಗೆ, ಕೆಸರು. ಮಾತಾಡಿದರೆ ದನಿ ಕೀರಲು, ಸಿಳ್ಳೆ ಹಾಕಿದರೆ ಬರೋದಿಲ್ಲ. ದಿನಕ್ಕೆ ಎರಡು ಡಾಲರ್ ಚಿಲ್ಲರೆ ಕೂಲಿಗೆ ಇಳಿದವರಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗೆ ವಲಸೆ ಬಂದ ಬಡವರು.

ನ್ಯೂಯಾರ್ಕ್ ಕಡೆಯ ಕೇಸನ್ ಆಳಕ್ಕೆ ಹೋದ ಹಾಗೆ ಜನ ಬೀಳೋಕೆ ಶುರುವಾದರು. 1872ರಲ್ಲಿ ಕೆಲವೇ ತಿಂಗಳಲ್ಲಿ ಅಲ್ಲಿನ ವೈದ್ಯ ಆಂಡ್ರ್ಯೂ ಸ್ಮಿತ್ 110 ಜನರಿಗೆ ಚಿಕಿತ್ಸೆ ಕೊಟ್ಟ. ಮೂವರು ಸತ್ತರು. ಕೂಲಿಯವರು ಮೂರು ಡಾಲರ್ ಕೊಡಿ ಅಂತ ಮುಷ್ಕರ ಹೂಡಿದರು. ನೋವಿಗೆ ಸೊಂಟ ಬಗ್ಗಿಸಿ ನಡೆಯೋರನ್ನ ನೋಡಿ ಜೊತೆಯವರು ಆ ಕಾಲದ ಹೆಂಗಸರ ಫ್ಯಾಷನ್ ನಡಿಗೆಯ ಹೆಸರಿಟ್ಟು ತಮಾಷೆ ಮಾಡ್ತಿದ್ದರಂತೆ. ಇಂದಿಗೂ ಡೈವರ್‌ಗಳು ಈ ಕಾಯಿಲೆಗೆ ಹೇಳೋ 'ಬೆಂಡ್ಸ್' ಅನ್ನೋ ಹೆಸರು ಬಂದದ್ದು ಅಂಥ ತಮಾಷೆಯಿಂದಲೇ ಅಂತಾರೆ.

ರೋಬ್ಲಿಂಗ್ ಮೇಲೆ ನಿಂತು ಹುಕುಂ ಕೊಡೋ ಎಂಜಿನಿಯರ್ ಅಲ್ಲ, ದಿನಾ ಕೆಳಗಿಳಿಯೋನು. 1870ರಲ್ಲಿ ಬ್ರೂಕ್ಲಿನ್ ಕಡೆಯ ಕೇಸನ್ನಿಗೆ ಬೆಂಕಿ ಬಿದ್ದಾಗ ರಾತ್ರಿಯೆಲ್ಲ ಒಳಗಿದ್ದು, ಹೊರಬಂದು ಕುಸಿದಿದ್ದ. 1872ರಲ್ಲಿ ಮತ್ತೆ ಬಿದ್ದ. ಈ ಸಲ ಪೂರ್ತಿ ಏಳಲಿಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ಅವನು ಒಂದು ತೀರ್ಮಾನ ತಗೊಂಡ. ಕೇಸನ್ 78 ಅಡಿ ದಾಟಿತ್ತು. ಗಟ್ಟಿ ಬಂಡೆ ಸಿಕ್ಕಿರಲಿಲ್ಲ. ಬಂಡೆವರೆಗೂ ಹೋದರೆ ಇನ್ನೆಷ್ಟು ಹೆಣ ಬೀಳುತ್ತೋ. ತಳದಲ್ಲಿದ್ದ ಮರಳು, ಜಲ್ಲಿ ಯುಗಗಳಿಂದ ಅಲುಗಿಲ್ಲ, ಗೋಪುರದ ಭಾರ ತಡೆಯುತ್ತೆ ಅಂತ ಲೆಕ್ಕ ಹಾಕಿ ಅಗೆತ ನಿಲ್ಲಿಸಿದ. ಅರ್ಧಂಬರ್ಧ ಮಾಹಿತಿ ಇಟ್ಟುಕೊಂಡು ರಿಲೀಸ್ ಮಾಡೋ ಸಂಕಟ ನಮ್ಮ ಕೆಲಸದಲ್ಲೂ ಇದೆ. ಆದರೆ ನಮ್ಮದು ತಪ್ಪಿದರೆ ರೋಲ್‌ಬ್ಯಾಕ್ ಮಾಡಬಹುದು. ಆ ಗೋಪುರ ಇಂದಿಗೂ ಮರಳಿನ ಮೇಲೇ ನಿಂತಿದೆ.

ಸ್ಮಿತ್‌ಗೆ ಮದ್ದು ಹೊಳೆದಿರಲಿಲ್ಲ ಅಂತಲ್ಲ. ಒಂದು ಕಬ್ಬಿಣದ ಕೋಣೆ ಮಾಡಿ, ರೋಗಿಯನ್ನು ಒಳಗೆ ಹಾಕಿ, ಮತ್ತೆ ಒತ್ತಡ ಏರಿಸಿ ನಿಧಾನವಾಗಿ ಇಳಿಸಬೇಕು ಅಂತ ವರದಿಯಲ್ಲಿ ಬರೆದ. ಆದರೆ ಆ ಸೇತುವೆ ಕೆಲಸದಲ್ಲಿ ಅದು ಆಗಲೇ ಇಲ್ಲ. ರೋಬ್ಲಿಂಗ್ ಜರ್ಮನಿಗೆ ಹೋಗಿ ಬಿಸಿನೀರಿನ ಸ್ನಾನ ಮಾಡಿ ಬಂದ. ಪ್ರಯೋಜನ ಆಗಲಿಲ್ಲ. ಮುಂದೆ ವರ್ಷಗಟ್ಟಲೆ ಮನೆ ಕಿಟಕಿಯಿಂದಲೇ ದುರ್ಬೀನು ಹಿಡಿದು ಕೆಲಸ ನೋಡಿದ. ಹೆಂಡತಿ ಎಮಿಲಿ ಗಣಿತ ಕಲಿತಳು, ಉಕ್ಕಿನ ಹಗ್ಗದ ಲೆಕ್ಕ ಕಲಿತಳು, ಗಂಡನ ಸೂಚನೆಗಳನ್ನು ಹೊತ್ತು ಸೇತುವೆಗೆ ಓಡಾಡಿದಳು. 1883ರ ಮೇ 24ರಂದು ಸೇತುವೆ ತೆರೆದಾಗ ಅವನು ಸಮಾರಂಭಕ್ಕೂ ಹೋಗಲಾಗಲಿಲ್ಲ. ಅಧ್ಯಕ್ಷ ಆರ್ಥರ್ ಅವರೇ ಮನೆಗೆ ಬಂದು ಕೈಕುಲುಕಿದರು. ಅವನೇನೋ 89 ವರ್ಷ ಬದುಕಿದ. ಕೀಲು ಹಿಡಿದು ಮನೆಗೆ ಹೋದ ಕೂಲಿಯವರ ಕಥೆ ಯಾರು ಬರೆದರು?

1878ರಲ್ಲಿ ಫ್ರಾನ್ಸಿನ ಪಾಲ್ ಬೆರ್ ಗುಳ್ಳೆ ಸಾರಜನಕದ್ದು ಅಂತ ತೋರಿಸಿಕೊಟ್ಟ. ಆಮೇಲೆ ಸುಮಾರು 1890ರಲ್ಲಿ ಹಡ್ಸನ್ ನದಿಯಡಿ ಸುರಂಗ ತೋಡುವಾಗ ಅರ್ನೆಸ್ಟ್ ಮೊಯರ್ ಅನ್ನೋ ಎಂಜಿನಿಯರ್ ಕೊನೆಗೂ ಅಂಥ ಕೋಣೆ ಕಟ್ಟಿದ. ಸಾವು ಥಟ್ಟನೆ ಇಳಿಯಿತು. 1854ರಿಂದ ಲೆಕ್ಕ ಹಾಕಿ, ಮೂವತ್ತೈದು ವರ್ಷ.

ಕಾಯಿಲೆ ಬರದ ಹಾಗೆ ಮೇಲೆ ಬರೋದು ಹೇಗೆ ಅಂತ ಕಂಡುಹಿಡಿದದ್ದು ಸ್ಕಾಟ್ಲೆಂಡಿನ ಜಾನ್ ಸ್ಕಾಟ್ ಹಾಲ್ಡೇನ್, ಬ್ರಿಟಿಷ್ ನೌಕಾಪಡೆಯ ಡೈವರ್‌ಗಳಿಗಾಗಿ. ಅವನ ಪ್ರಯೋಗಕ್ಕೆ ಸಿಕ್ಕಿದ್ದು ಮೇಕೆಗಳು! ಒತ್ತಡದ ಕೋಣೆಯಿಂದ ಹೊರಬಂದ ಮೇಕೆ ಮುಂಗಾಲು ಎತ್ತಿಕೊಂಡು ನಿಂತರೆ ನೋವಿದೆ ಅಂತ ಲೆಕ್ಕ. ಮೇಕೆ ಮೇಯಿಸಿದ ನನಗೆ ಆ ಚಿತ್ರ ಕಣ್ಣಿಗೆ ಕಟ್ಟಿತು. ಒತ್ತಡವನ್ನು ಒಮ್ಮೆಗೆ ಅರ್ಧಕ್ಕೆ ಇಳಿಸಬಹುದು, ಆಮೇಲೆ ಅಲ್ಲಲ್ಲಿ ನಿಂತು ನಿಂತು ಬರಬೇಕು ಅನ್ನೋ ಅವನ ಕೋಷ್ಟಕ 1908ರಲ್ಲಿ ಪ್ರಕಟವಾಯ್ತು. ಮೈಯನ್ನು ಐದು ಭಾಗ ಮಾಡಿ, ಒಂದೊಂದೂ ಬೇರೆ ಬೇರೆ ವೇಗದಲ್ಲಿ ಗಾಳಿ ತುಂಬಿಕೊಂಡು ಬಿಡುತ್ತೆ ಅಂತ ಲೆಕ್ಕ ಹಾಕಿದ್ದ. ಇವತ್ತು ಡೈವರ್‌ಗಳು ಕೈಗೆ ಕಟ್ಟೋ ಕಂಪ್ಯೂಟರ್‌ಗಳಲ್ಲಿ ಓಡೋದು ಬಹುಪಾಲು ಅದೇ ಲೆಕ್ಕದ ಮಕ್ಕಳು ಮೊಮ್ಮಕ್ಕಳು. ಒಂದು ಭಾನುವಾರ ಕೂತು ನಾನೇ ಬರೆದು ನೋಡಿದೆ. ಒಂದು ಲೂಪ್, ಒಂದು ಸೂತ್ರ, ಇಪ್ಪತ್ತು ಸಾಲು ದಾಟಲಿಲ್ಲ.

ಈಗ ಯಾರಿಗಾದರೂ ಈ ಕಾಯಿಲೆ ಬಂದರೆ ಮೊದಲು ಶುದ್ಧ ಆಮ್ಲಜನಕ ಕೊಡ್ತಾರೆ. ಆಮೇಲೆ ಒತ್ತಡದ ಕೋಣೆ. 18 ಮೀಟರ್ ಆಳದಷ್ಟು ಒತ್ತಡ ಏರಿಸಿ, ಐದು ಗಂಟೆ ಹತ್ತಿರ ಹತ್ತಿರ ಒಳಗಿಟ್ಟು, ಮೆಲ್ಲಗೆ ಇಳಿಸ್ತಾರೆ. ಬೇಗ ಸೇರಿಸಿದರೆ ಬಹಳಷ್ಟು ಜನ ಎದ್ದು ನಡೆದುಕೊಂಡೇ ಮನೆಗೆ ಹೋಗ್ತಾರೆ. ರೋಬ್ಲಿಂಗ್‌ಗೆ ಸಿಗದೇ ಹೋದದ್ದು ಇದೇ.

ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ. "ಮುಂದಿನ ಸಲ ರೈಲಲ್ಲಿ ಬರ್ತೀನಿ ಬಿಡಪ್ಪ" ಅಂದ.