ಕಷ್ಟ ಅಂತಲೇ ಹೆಸರಿಟ್ಟ ಬ್ಯಾಕ್ಟೀರಿಯಾ

ಫೋಟೋದಲ್ಲಿರೋ ಸ್ಯಾನಿಟೈಸರ್ ಬಾಟಲಿ ನೋಡಿದ್ರಾ? ಇದಕ್ಕೆ ಜಗ್ಗದ ಬ್ಯಾಕ್ಟೀರಿಯಾ ಒಂದು ಆಸ್ಪತ್ರೆಗಳಲ್ಲಿ ಇದೆ. ಇವತ್ತಿನ ಕಥೆ ಅದರದ್ದೇ.

1935. ಅಮೆರಿಕದಲ್ಲಿ ಹಾಲ್ ಮತ್ತು ಓಟೂಲ್ ಅನ್ನೋ ಇಬ್ಬರು ಸಂಶೋಧಕರಿಗೆ ಹಸುಗೂಸುಗಳ ಮಲದಲ್ಲಿ ಒಂದು ಹೊಸ ಬ್ಯಾಕ್ಟೀರಿಯಾ ಸಿಕ್ಕಿತು. ಆಮ್ಲಜನಕ ಇದ್ದ ಕಡೆ ಬೆಳೆಯದ ಜಾತಿ. ಲ್ಯಾಬಲ್ಲಿ ಬೆಳೆಸೋಕೆ ಸಾಕುಸಾಕಾಗಿ 'ಡಿಫಿಸಿಲಿಸ್' ಅಂತ ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಹಾಗಂದ್ರೆ ಕಷ್ಟ! ಈಗ ಎಲ್ಲರೂ ಕರೆಯೋದು ಸಿ. ಡಿಫ್ ಅಂತ. ಇದರ ವಿಷಕ್ಕೆ ಪ್ರಾಣಿಗಳು ಸಾಯುತ್ತವೆ ಅನ್ನೋದು ಆಗಲೇ ಗೊತ್ತಾಗಿತ್ತು. ಆದ್ರೆ ಕೂಸುಗಳು ಮಾತ್ರ ಆರೋಗ್ಯವಾಗೇ ಇದ್ವು. ಹಾಗಾಗಿ ಸುಮಾರು 40 ವರ್ಷ ಇದನ್ನು ಯಾರೂ ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ.

ಅಷ್ಟರಲ್ಲಿ ಆಂಟಿಬಯೋಟಿಕ್ ಕಾಲ ಬಂತು. 1974ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಟೆಡೆಸ್ಕೊ ಮತ್ತು ಸಂಗಡಿಗರು ಕ್ಲಿಂಡಮೈಸಿನ್ ತಗೊಂಡ 200 ರೋಗಿಗಳನ್ನು ಗಮನಿಸಿದರು. ಶೇ. 21 ಮಂದಿಗೆ ಭೇದಿ. ಶೇ. 10 ಮಂದಿಗೆ ದೊಡ್ಡ ಕರುಳಿನ ಒಳಗೆ ಪೊರೆ ಕಟ್ಟುವಷ್ಟು ಉರಿಯೂತ. ವಿಚಿತ್ರ ಅಂದ್ರೆ, ಈ ಔಷಧಿಗೆ ಹೆಸರು ಬಂದಿದ್ದೇ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತೆ ಅಂತ!

ಹಾಗಾದ್ರೆ ಔಷಧಿಯೇ ವಿಷವಾಯ್ತಾ? ಅಲ್ಲ. ಬಾರ್ಟ್‌ಲೆಟ್ ಮತ್ತವರ ತಂಡ ಹ್ಯಾಮ್‌ಸ್ಟರ್ ಅನ್ನೋ ಇಲಿಯಂಥ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, 1978ರ ಹೊತ್ತಿಗೆ ನಿಜವಾದ ಕಳ್ಳನನ್ನು ಹಿಡಿದರು. ಔಷಧಿ ಕರುಳಿನ ಒಳ್ಳೆ ಬ್ಯಾಕ್ಟೀರಿಯಾಗಳನ್ನೂ ಕೊಂದು ಜಾಗ ಖಾಲಿ ಮಾಡುತ್ತೆ, ಸಿ. ಡಿಫ್ ಅಲ್ಲಿ ಬಿಡಾರ ಹೂಡಿ ವಿಷ ಬಿಡುತ್ತೆ.

ಸರಿ, ಗಾಳಿಗೆ ಆಗದ ಜೀವಿ ವಾರ್ಡ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗೋದು ಹೇಗೆ? ಗಟ್ಟಿ ಕವಚದ 'ಸ್ಪೋರ್' ಆಗಿ. ಮಂಚದ ಕಂಬಿ, ಬಾಗಿಲ ಹಿಡಿ, ಬೆಡ್‌ಪ್ಯಾನ್ ಮೇಲೆ ತಿಂಗಳುಗಟ್ಟಲೆ ಬದುಕಿರುತ್ತೆ. ಆಲ್ಕೋಹಾಲ್ ಅದನ್ನು ಕೊಲ್ಲಲ್ಲ. ಸೋಪು ಹಾಕಿ ಚೆನ್ನಾಗಿ ಉಜ್ಜಿದ್ರೆ ಕೈಯಿಂದ ತೊಳೆದು ಹೋಗುತ್ತೆ, ಅಷ್ಟೇ.

ಬಿಕಾಂ ಓದೋ ನನಗೆ ಚುಚ್ಚಿದ್ದು ಮಾತ್ರ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಕಥೆ. 2003ರಿಂದ 2005ರೊಳಗೆ ಅಲ್ಲಿ ಎರಡು ಸಲ ಸಿ. ಡಿಫ್ ಹಬ್ಬಿತು. 300ಕ್ಕೂ ಹೆಚ್ಚು ಮಂದಿಗೆ ಸೋಂಕು, 30ಕ್ಕೂ ಹೆಚ್ಚು ಸಾವು. 2006ರ ಸರ್ಕಾರಿ ತನಿಖಾ ವರದಿ ಬೊಟ್ಟು ಮಾಡಿದ್ದು ಬ್ಯಾಕ್ಟೀರಿಯಾ ಕಡೆಗಷ್ಟೇ ಅಲ್ಲ, ಆಡಳಿತದ ಕಡೆಗೂ. ರೋಗಿಗಳು ಕಾಯೋ ಸಮಯದ ಟಾರ್ಗೆಟ್ ಮುಟ್ಟಬೇಕು, ಖರ್ಚು ಹಿಡಿತದಲ್ಲಿರಬೇಕು ಅನ್ನೋದೇ ಅವರಿಗೆ ಮುಖ್ಯವಾಗಿತ್ತು. ಭೇದಿ ಇರೋರನ್ನು ಬೇರೆ ಇಡಿ ಅಂತ ಸೋಂಕು ತಡೆಯೋ ತಂಡ ಮಾತ್ರ ಹೇಳ್ತಾನೇ ಇತ್ತು.