ಸರದ ಆಯುಷ್ಯ ತುದಿಯಲ್ಲಿ

ಮಣಿ ಪೋಣಿಸುವುದು ಮಕ್ಕಳಿಗೂ ಬರುವ ಕೆಲಸ. ಪೋಣಿಸಿ ಮುಗಿದ ಮೇಲೆ ಕೈಯಲ್ಲಿ ಉಳಿಯುವ ದಾರದ ಎರಡು ತುದಿಗಳೇ ನಿಜವಾದ ತೊಡಕು. ಸುಮ್ಮನೆ ಗಂಟು ಹಾಕಿದರೆ ಅದು ಕತ್ತಿಗೆ ಚುಚ್ಚುತ್ತದೆ, ನೋಟಕ್ಕೂ ಒರಟು. ಗಂಟು ಸಡಿಲವಾದರೆ ಮಣಿಗಳೆಲ್ಲ ನೆಲದ ಪಾಲು. ಐದಾರು ಎಳೆಗಳ ಸರವಾದರಂತೂ ಅವನ್ನೆಲ್ಲ ಒಂದೆಡೆ ಕೂಡಿಸುವುದು ಇನ್ನೂ ಕಷ್ಟ. ಮನುಷ್ಯ ಈ ತೊಡಕನ್ನು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಎದುರಿಸಿ, ಅದಕ್ಕೆ ಉಪಾಯವನ್ನೂ ಕಂಡುಕೊಂಡಿದ್ದ.

ಇದಕ್ಕೆ ಒಳ್ಳೆಯ ಸಾಕ್ಷಿ ಮೊಹೆಂಜೊದಾರೊದಲ್ಲಿ ದೊರೆತಿದೆ. ಕ್ರಿ.ಪೂ. 2600ರಿಂದ 1900ರವರೆಗೆ ಬಾಳಿದ ಈ ಸಿಂಧೂ ನಗರದ ಉತ್ಖನನದಲ್ಲಿ ಕಾರ್ನೀಲಿಯನ್ ಎಂಬ ಕೆಂಪು ಕಲ್ಲಿನ 42 ಉದ್ದ ಮಣಿಗಳೂ ಕಂಚಿನ 72 ಗುಂಡುಮಣಿಗಳೂ ಇರುವ ಒಂದು ಆಭರಣ ಸಿಕ್ಕಿತು. ಅದು ಕೊರಳ ಸರವೂ ಆಗಿರಬಹುದು, ಸೊಂಟದ ಡಾಬೂ ಆಗಿರಬಹುದು. ಅಂಥ ಉದ್ದ ಮಣಿಗೆ ರಂಧ್ರ ಕೊರೆಯುವುದು ಸಾಮಾನ್ಯ ಶ್ರಮವಲ್ಲ. ಆ ಕಾಲದ ಬೈರಿಗೆಯ ಮಾದರಿಯಲ್ಲೇ ವಿದ್ವಾಂಸರು ಕೊರೆದು ನೋಡಿದಾಗ, ಗಂಟೆಗೆ ಸುಮಾರು 2.5 ಮಿಲಿಮೀಟರ್ ಮಾತ್ರ ಸಾಗಿತು.

ಇಷ್ಟು ಶ್ರಮದ ಮಣಿಗಳನ್ನು ಒಂದು ದುರ್ಬಲ ಗಂಟಿಗೆ ಒಪ್ಪಿಸಲು ಅಲ್ಲಿನ ಕುಶಲಕರ್ಮಿ ಸಿದ್ಧನಿರಲಿಲ್ಲ. ಎಳೆಗಳು ಒಂದರ ಮೇಲೊಂದು ಬೀಳದಂತೆ ನಡುನಡುವೆ 6 ಕಂಚಿನ ಪಟ್ಟಿಗಳನ್ನು ಇಟ್ಟ. ಎರಡು ತುದಿಗಳಿಗೂ ಅರ್ಧಚಂದ್ರಾಕಾರದ ಒಂದೊಂದು ಬಿಲ್ಲೆ ಜೋಡಿಸಿದ. ಬಿಲ್ಲೆಯ ಅಗಲವಾದ ಬದಿಯಿಂದ ಒಳಹೊಕ್ಕ ಎಳೆಗಳು ಕಿರಿದಾದ ಬದಿಯಿಂದ ಒಂದೇ ಹುರಿಯಾಗಿ ಹೊರಬರುತ್ತವೆ. ಅದರಾಚೆಗೆ ಒಂದೊಂದು ಟೊಳ್ಳು ಕೊಳವೆ. ಎಳೆಗಳು ಕೂಡುವ ಒರಟು ಜಾಗ ಹೀಗೆ ಕಂಚಿನ ಮರೆಗೆ ಸರಿಯಿತು.

ಇಂಥ ತುದಿಗಳ ಬೆಲೆ ಉತ್ಖನನಕಾರರಿಗೆ ಚೆನ್ನಾಗಿ ಗೊತ್ತು. ದಾರ ಮಣ್ಣಾಗಿ ಮಣಿಗಳು ಚೆದುರಿದ್ದಾಗ, ಸರಕ್ಕೆ ಎಷ್ಟು ಎಳೆಗಳಿದ್ದವು ಎಂಬುದನ್ನು ಬಿಲ್ಲೆಯ ರಂಧ್ರಗಳೇ ಹೇಳುತ್ತವೆ. ಈಜಿಪ್ಟಿನ ಅಗಲ ಕಂಠಹಾರಗಳಲ್ಲೂ ಇದೇ ಅರ್ಧಚಂದ್ರದ ಉಪಾಯವಿದೆ. ಅಲ್ಲಿ ಬಿಲ್ಲೆಗೆ ಕೆಲವೊಮ್ಮೆ ಗಿಡುಗನ ತಲೆಯ ಆಕಾರ ಕೊಟ್ಟರು. ಮುಚ್ಚಬೇಕಾದ ಜಾಗವೇ ಅಲ್ಲಿ ಅಲಂಕಾರವಾಯಿತು.

ಕರ್ನಾಟಕದ ಉತ್ತರ ಜಿಲ್ಲೆಗಳಲ್ಲಿ ಇದೇ ಕೆಲಸ ಲೋಹದ ನೆರವಿಲ್ಲದೆ, ಬರಿಯ ನೂಲಿನಿಂದ ನಡೆಯಿತು. ಗುಂಡು, ಪದಕಗಳನ್ನು ಮಾಡುವವನು ಅಕ್ಕಸಾಲಿ. ಅವನ್ನು ಪವಣಿಸಿ ಸರವಾಗಿಸುವವನು ಪಟವೇಗಾರ. ‘ಪಟ್ಟ’ ಎಂದರೆ ರೇಷ್ಮೆ. ಹೆಸರು ಅದರಿಂದ ಬಂದದ್ದು. ಹಿಂದಿ ಸೀಮೆಯಲ್ಲಿ ಇವರೇ ಪಟವಾಗಳು. ಮುಂಬಯಿ ಪ್ರಾಂತ್ಯದ 1880ರ ದಶಕದ ಜಿಲ್ಲಾ ಗೆಜೆಟಿಯರುಗಳು ಪಟವೇಗಾರರನ್ನು ರೇಷ್ಮೆ ಗೊಂಡೆ ಕಟ್ಟುವವರೆಂದು ದಾಖಲಿಸಿವೆ. ಹಿಂದೂಗಳೂ ಮುಸ್ಲಿಮರೂ ಈ ಕಸುಬಿನಲ್ಲಿದ್ದರು.

ಪಟವೇಗಾರ ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೋ ಮೊಳೆಗೋ ಸಿಕ್ಕಿಸಿ ಬಿಗಿಯಾಗಿ ಎಳೆದುಕೊಳ್ಳುತ್ತಾನೆ. ಕೊನೆಯ ಮಣಿ ದಾಟಿ ಬಂದ ಎಳೆಗಳನ್ನು ಕೂಡಿಸಿ, ಅವುಗಳ ಮೇಲೆ ಬಣ್ಣದ ರೇಷ್ಮೆಯನ್ನೋ ಜರಿಯನ್ನೋ ಸಂದಿಲ್ಲದಂತೆ ಸುತ್ತುತ್ತಾನೆ. ಸುತ್ತಿದ ನೂಲಿನ ಕೊನೆಯನ್ನು ಸುತ್ತಿನೊಳಕ್ಕೇ ಎಳೆದುಬಿಟ್ಟರೆ ಗಂಟು ಕಣ್ಣಿಗೆ ಬೀಳದು. ಎರಡು ಬದಿಯ ಹುರಿಗಳೂ ನೂಲು ಸುತ್ತಿದ ಒಂದು ಜಾರುಮಣಿಯ ಮೂಲಕ ಹಾಯುತ್ತವೆ. ಅದನ್ನು ಮೇಲೆ ಕೆಳಗೆ ಸರಿಸಿದರೆ ಸರ ಗಿಡ್ಡವೂ ಆಗುತ್ತದೆ, ಉದ್ದವೂ ಆಗುತ್ತದೆ. ಅತ್ತೆಯ ಕೊರಳಿನ ಸರ ಸೊಸೆಯ ಕೊರಳಿಗೂ ಹೊಂದುತ್ತದೆ. ಕೊನೆಯಲ್ಲಿ ತೂಗುವ ಗೊಂಡೆಯೂ ಬರಿಯ ಚೆಂದಕ್ಕಲ್ಲ. ಅದು ಕತ್ತರಿಸಿದ ಎಳೆಗಳನ್ನು ಮರೆಮಾಡುತ್ತದೆ, ಜಾರುಮಣಿ ಕಳಚಿ ಬೀಳದಂತೆ ತಡೆಯುತ್ತದೆ.

ಬೆವರು, ಎಣ್ಣೆ ತಾಗಿ ತಿಕ್ಕುವ ಕತ್ತಿನ ಹಿಂಭಾಗದಲ್ಲಿ ದಾರ ಬೇಗ ಸವೆಯುತ್ತದೆ. ಕರಿಮಣಿ ಸರದ ವಿಷಯದಲ್ಲಿ ಈ ಸವೆತ ಬರಿಯ ನಷ್ಟದ ಮಾತಾಗಿರಲಿಲ್ಲ. ತಾಳಿಯ ದಾರ ಹರಿಯುವುದು ಅಪಶಕುನವೆಂಬ ನಂಬಿಕೆಯಿದ್ದ ಮನೆಗಳಲ್ಲಿ, ಅದು ಹರಿಯುವ ಮೊದಲೇ ಮತ್ತೆ ಪವಣಿಸಿಕೊಳ್ಳುವುದು ಗೃಹಿಣಿಯ ಎಚ್ಚರದ ಕೆಲಸ. ಪಟವೇಗಾರ ಕಟ್ಟುತ್ತಿದ್ದುದು ಆಭರಣದ ತುದಿಯನ್ನಷ್ಟೇ ಅಲ್ಲ, ಆ ಮನೆಯ ನೆಮ್ಮದಿಯನ್ನೂ.

ಬಂಗಾರದ ಚೈನು, ತಿರುಪು, ಕೊಕ್ಕೆಗಳು ಬಂದಮೇಲೆ ನೂಲಿನ ಕೆಲಸಕ್ಕೆ ಬೇಡಿಕೆ ತಗ್ಗಿತು. ಈಗ ನೈಲಾನ್ ಎಳೆಯ ತುದಿಗೆ ಸಣ್ಣ ಲೋಹದ ಮಣಿಯೊಂದನ್ನು ಏರಿಸಿ, ಇಕ್ಕಳದಿಂದ ಅಮುಕಿದರೆ ಕೆಲಸ ಮುಗಿಯಿತು. ಆದರೆ ಅಮುಕಿದ ಆ ಮಣಿಯನ್ನು ಮುಚ್ಚಲು ಮತ್ತೊಂದು ಪುಟ್ಟ ಲೋಹದ ಕವಚ ಬೇಕಾಗುತ್ತದೆ. ಮೊಹೆಂಜೊದಾರೊದ ಟೊಳ್ಳು ಕೊಳವೆ ಮಾಡಿದ್ದೂ ಇದನ್ನೇ.

ಸರ ಕೊಳ್ಳುವವರು ಮಣಿಯ ಹೊಳಪು ನೋಡುತ್ತಾರೆ. ಬಲ್ಲವರು ಸರವನ್ನು ತಿರುವಿ ಹಿಂದಿನ ತುದಿ ನೋಡುತ್ತಾರೆ.